ಪದ ಪರಿಚಯ: ಮರಿಯಳು

ಹೀಬ್ರೂವಿನ ‘ಮಿರ್ಯಾಮ್’ ಗ್ರೀಕಿನಲ್ಲಿ ‘ಮರಿಯಾಮ್’, ‘ಮರಿಯ’ ಆಯಿತು, ಅರಬ್ಬಿಯಲ್ಲಿ ‘ಮರ್ಯಮ್’. ಕನ್ನಡ ಬೈಬಲ್ಲಿನಲ್ಲಿ ಸ್ತ್ರೀಲಿಂಗದ ‘ಳು’ ಸೇರಿ ‘ಮರಿಯಳು’. ಆ ಗ್ರಂಥ ಕನ್ನಡಕ್ಕೆ ಬಂದದ್ದು ಬಳ್ಳಾರಿಯ ದಾರಿಯಲ್ಲಿ: 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನುವಾದಕ್ಕೆ ಕೈಹಾಕಿದರು, 1831ರ ಹೊತ್ತಿಗೆ ಇಡೀ ಬೈಬಲ್ ಅಚ್ಚಾಗಿತ್ತು.

ಹೊಸ ಒಡಂಬಡಿಕೆಯಲ್ಲಿ ಈ ಹೆಸರಿನವರು ಆರೇಳು ಮಂದಿ. ಗುರುತು ಹಚ್ಚುವ ಕ್ರಮ ನಮಗೆ ಹೊಸದಲ್ಲ. ಸಿರುಗುಪ್ಪದ ಈರಮ್ಮ, ಕುರುಗೋಡಿನ ಈರಮ್ಮ ಅಂದಂತೆ ಮಗ್ದಲದ ಮರಿಯಳು, ಬೇಥಾನ್ಯದ ಮರಿಯಳು. ಇವರಿಬ್ಬರನ್ನೂ 591ರಲ್ಲಿ ಪೋಪ್ ಗ್ರೆಗೊರಿ ಒಬ್ಬಳೇ ಎಂದು ಬೋಧಿಸಿದ್ದರಿಂದ ಆದ ಗೊಂದಲ ಶತಮಾನಗಳಷ್ಟು ಉಳಿಯಿತು. ಮಾರ್ಕನ ತಾಯಿ ಮರಿಯಳು ಬೇರೆ. ಸೆರೆಯಿಂದ ಬಿಡುಗಡೆಯಾದ ಪೇತ್ರ ಬಾಗಿಲು ತಟ್ಟಿದ್ದು ಅವಳ ಮನೆಯಲ್ಲಿ. ರೋಮಿನ ಮರಿಯಳಿಗೆ ಪೌಲನ ಪತ್ರದ ಒಂದು ವಂದನೆಯೇ ಗುರುತು. ಮತ್ತಾಯನಂತೂ ಯಾಕೋಬನ ತಾಯಿ ಮರಿಯಳನ್ನು ಒಮ್ಮೆ ಮಕ್ಕಳ ಹೆಸರಿನಿಂದ ಕರೆದು, ಆಮೇಲೆ ‘ಇನ್ನೊಬ್ಬಳು’ ಎಂದು ಕೈತೊಳೆದುಕೊಳ್ಳುತ್ತಾನೆ!

ಸ್ವಾರಸ್ಯವಿರುವುದು ಶಿಲುಬೆಯ ಬಳಿ ನಿಂತ ಕ್ಲೋಪನ ಮರಿಯಳಲ್ಲಿ. ಯೋಹಾನನ ಗ್ರೀಕಿನಲ್ಲಿ ಬರೀ ಷಷ್ಠಿ ವಿಭಕ್ತಿಯಿದೆ, ಸಂಬಂಧವಾಚಕವಿಲ್ಲ. ಅವಳು ಕ್ಲೋಪನ ಮಗಳೂ ಆಗಿರಬಹುದು, ತಾಯಿಯೂ ಆಗಿರಬಹುದು. ಕನ್ನಡ ಬೈಬಲ್ ‘ಹೆಂಡತಿ’ ಎಂದು ತೀರ್ಮಾನ ಕೊಟ್ಟುಬಿಟ್ಟಿದೆ. ಮೂಲದ ಅನಿಶ್ಚಿತತೆಯನ್ನು ನಮ್ಮ ‘ಅ’ ಪ್ರತ್ಯಯವೇ ಸಲೀಸಾಗಿ ಹೊರುತ್ತದೆ. ‘ಕ್ಲೋಪನ ಮರಿಯಳು’ ಎಂದಷ್ಟೇ ಬರೆಯುವುದು ಹೆಚ್ಚು ಸರಿ.