ಕಾಳಿನ ಗೋಪುರವೂ ರೈತನ ತಕ್ಕಡಿಯೂ

‘ಎಲಿವೇಟರ್’ ಎಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನಗರದ ಕಟ್ಟಡಗಳಲ್ಲಿ ಜನರನ್ನು ಮಹಡಿಯಿಂದ ಮಹಡಿಗೆ ಒಯ್ಯುವ ಪೆಟ್ಟಿಗೆ. ಆದರೆ ಅಮೆರಿಕ ಮತ್ತು ಕೆನಡಾ ದೇಶಗಳ ರೈತನಿಗೆ ಆ ಮಾತಿನ ಅರ್ಥವೇ ಬೇರೆ. ಅವನ ಪಾಲಿಗೆ ಅದು ರೈಲು ನಿಲ್ದಾಣದ ಪಕ್ಕದಲ್ಲಿ, ಬಯಲಿನ ಆಚೆಯಿಂದಲೂ ಕಾಣುವಂತೆ ಎತ್ತರವಾಗಿ ನಿಂತ ಕಣಜ. ಕಾಳನ್ನು ಮೇಲೆತ್ತುವ ಯಂತ್ರಕ್ಕೆ ಸಂದ ಹೆಸರು ಕ್ರಮೇಣ ಅದನ್ನು ಒಳಗೊಂಡ ಕಟ್ಟಡಕ್ಕೇ ಅಂಟಿಕೊಂಡಿತು. ಈ ಕಣಜದ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡಬಯಸುತ್ತೇನೆ. ಅದು ಬರಿಯ ಯಂತ್ರದ ಚರಿತ್ರೆಯಲ್ಲ. ರೈತ ಬೆಳೆದ ಕಾಳನ್ನು ಅಳೆಯುವ ಅಧಿಕಾರ ಯಾರದು ಎಂಬ ವ್ಯಾಜ್ಯದ ಚರಿತ್ರೆಯೂ ಹೌದು.

ಅಳತೆಯ ಪ್ರಶ್ನೆ ನಮಗೇನೂ ಹೊಸದಲ್ಲ. ನಮ್ಮ ಶಾಸನಗಳಲ್ಲಿ ದಾನವಿತ್ತ ಭೂಮಿಯನ್ನು ಅದರಲ್ಲಿ ಬಿತ್ತುವ ಬೀಜದ ಪ್ರಮಾಣದಿಂದ, ಇಷ್ಟು ಖಂಡುಗ, ಇಷ್ಟು ಕೊಳಗ ಎಂದು ಹೇಳುವುದುಂಟು. ಧಾನ್ಯವನ್ನು ಕಾಪಾಡುವ ವಿದ್ಯೆಯೂ ನಮ್ಮಲ್ಲಿ ಹಳೆಯದೇ. ಬಯಲುಸೀಮೆಯ ಗಟ್ಟಿನೆಲದಲ್ಲಿ ಹಗೇವು ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ಹುಳುವಿಗೆ ಉಳಿವಿರಲಿಲ್ಲ. ಅವಸರದಿಂದ ಒಳಗಿಳಿದ ಮನುಷ್ಯನ ಪ್ರಾಣಕ್ಕೂ ಅಪಾಯವಿದ್ದುದರಿಂದ, ಬಾಯಿ ತೆರೆದು ಕೆಲಕಾಲ ಗಾಳಿಗೆ ಬಿಟ್ಟ ತರುವಾಯವೇ ಇಳಿಯುವುದು ವಾಡಿಕೆ. ಇಲ್ಲಿ ಗಮನಿಸಬೇಕಾದುದು ಒಂದು ಸಂಗತಿ: ಹಗೇವಿನ ಜೋಳ ಇಂಥ ಮನೆಯ ಜೋಳ. ತುಂಬಿದವನೇ ತೆಗೆಯುವವನು. ಅದರ ಒಡೆತನದ ಬಗೆಗೆ ರಸೀದಿಯ ಅಗತ್ಯವಿರಲಿಲ್ಲ.

ಇದಕ್ಕೆ ತೀರ ಭಿನ್ನವಾದ ದಾರಿಯನ್ನು ಹಿಡಿದದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕ. ಅಲ್ಲಿ ಕಾಳನ್ನು ಬೆಳೆದ ಊರಿನಲ್ಲೇ ಉಳಿಸಿಕೊಳ್ಳುವುದಕ್ಕಿಂತ ದೂರದ ಪಟ್ಟಣಗಳಿಗೆ ಸಾಗಿಸುವುದು ಮುಖ್ಯವಾಯಿತು. 1825ರಲ್ಲಿ ಈರಿ ಕಾಲುವೆ ಪೂರ್ಣಗೊಂಡು, ಮಹಾಸರೋವರಗಳ ಸೀಮೆಯ ಗೋಧಿಗೆ ನ್ಯೂಯಾರ್ಕಿನವರೆಗೂ ನೀರಿನ ದಾರಿ ತೆರೆಯಿತು. ಸರೋವರದ ಹಡಗು ದೊಡ್ಡದು, ಕಾಲುವೆಯ ದೋಣಿ ಚಿಕ್ಕದು. ಅವೆರಡೂ ಸಂಧಿಸುವ ಬಫಲೋ ಪಟ್ಟಣದಲ್ಲಿ ಗೋಧಿಯನ್ನು ಒಂದರಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಾಗಿತ್ತು. ಐರ್ಲೆಂಡಿನಿಂದ ವಲಸೆ ಬಂದ ಕೂಲಿಗಳು ಅದನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದರು. ಮಳೆಗಾಳಿ ಬಂದರೆ ಕೆಲಸ ನಿಂತು, ಹಡಗುಗಳು ಬಂದರಿನಲ್ಲಿ ಕಾಯುತ್ತಿದ್ದುವು.

1842ರಲ್ಲಿ ಜೋಸೆಫ್ ಡಾರ್ಟ್ ಎಂಬ ವರ್ತಕ, ರಾಬರ್ಟ್ ಡನ್‌ಬಾರ್ ಎಂಬ ಎಂಜಿನಿಯರನ ನೆರವಿನಿಂದ, ಉಗಿಯಂತ್ರದಿಂದ ನಡೆಯುವ ಎಲಿವೇಟರನ್ನು ಅಲ್ಲಿ ಕಟ್ಟಿಸತೊಡಗಿದ. ಕೂಲಿಯವನ ಬೆನ್ನಿಗಿಂತ ಅಗ್ಗವಾದ ಯಂತ್ರವೆಲ್ಲಿದೆ ಎಂದು ಇತರ ವರ್ತಕರು ನಕ್ಕರಂತೆ. ಮೂಲ ಕಲ್ಪನೆ ಡಾರ್ಟನದಲ್ಲ. ಆಲಿವರ್ ಇವಾನ್ಸ್ ಎಂಬಾತ 1780ರ ದಶಕದಲ್ಲೇ ಹಿಟ್ಟಿನ ಗಿರಣಿಯೊಳಗೆ, ಪಟ್ಟಿಗೆ ಸಾಲಾಗಿ ಬಟ್ಟಲುಗಳನ್ನು ಜೋಡಿಸಿ ಕಾಳನ್ನು ಮೇಲೆತ್ತುವ ಏರ್ಪಾಡನ್ನು ರೂಪಿಸಿದ್ದ. ಅದನ್ನು ಬಂದರಿಗೆ ತಂದು ಹಡಗಿನ ಹೊಟ್ಟೆಯೊಳಗೆ ಇಳಿಬಿಟ್ಟದ್ದು ಡಾರ್ಟನ ಸಾಧನೆ. ಆ ಮೊದಲ ಕಣಜ 55,000 ಬುಷೆಲ್, ಎಂದರೆ ಸುಮಾರು 1,500 ಟನ್ ಗೋಧಿಯನ್ನು ಹಿಡಿಯುತ್ತಿತ್ತು. ಗಂಟೆಗೆ 1,000 ಬುಷೆಲ್ ಗೋಧಿಯನ್ನು ಇಳಿಸಬಹುದಾಗಿತ್ತು.

ಇದರ ತತ್ತ್ವ ಸರಳವಾದುದು. ಸಾಲು ಗಡಿಗೆಗಳಿಂದ ನೀರೆತ್ತುವ ಘಟೀಯಂತ್ರವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ರೈತ ತನ್ನ ಬಂಡಿಯನ್ನು ತೂಕದ ಕಟ್ಟೆಯ ಮೇಲೆ ನಿಲ್ಲಿಸುತ್ತಾನೆ. ತೂಕವಾದ ಮೇಲೆ ಕಾಳು ಕೆಳಗಿನ ಗುಂಡಿಗೆ ಬೀಳುತ್ತದೆ. ಅಲ್ಲಿಂದ ಬಟ್ಟಲುಗಳ ಪಟ್ಟಿ ಅದನ್ನು ಕಟ್ಟಡದ ತುದಿಗೆ ಒಯ್ಯುತ್ತದೆ. ತುದಿಯಲ್ಲಿರುವ ಕೊಳವೆಯನ್ನು ಬೇಕಾದ ಕಡೆಗೆ ತಿರುಗಿಸಿದರೆ ಕಾಳು ಬೇಕಾದ ಗೂಡಿಗೆ ಇಳಿಯುತ್ತದೆ. ಮುಂದೆ ಗೂಡಿನ ತಳದ ಬಾಗಿಲನ್ನು ತೆರೆದರೆ ಸಾಕು, ಅದು ತನ್ನ ಭಾರದಿಂದಲೇ ರೈಲುಡಬ್ಬಿಗೋ ಹಡಗಿಗೋ ಹರಿಯುತ್ತದೆ. ಒಮ್ಮೆ ಎತ್ತಿದ ಮೇಲೆ ಮಿಕ್ಕ ಕೆಲಸವನ್ನು ಭೂಮಿಯ ಆಕರ್ಷಣೆಯೇ ಮಾಡುತ್ತದೆ. ಆದರೆ ಕಾಳು ನೀರಿನಂತೆ ಹರಿಯಬೇಕಾದರೆ ಅದು ಚೀಲದಲ್ಲಿ ಇರಕೂಡದು. ಎಲಿವೇಟರು ಬಂದಲ್ಲೆಲ್ಲ ಚೀಲ ಮರೆಯಾಯಿತು. ಚೀಲದೊಡನೆ ಅದರ ಮೇಲಿನ ರೈತನ ಗುರುತೂ ಮರೆಯಾಯಿತು.

ಇದರ ಪರಿಣಾಮವನ್ನು ಷಿಕಾಗೋ ನಗರದಲ್ಲಿ ಕಾಣಬಹುದು. ನೂರು ರೈತರ ಗೋಧಿ ಒಂದೇ ಗೂಡಿನಲ್ಲಿ ಬೆರೆತ ಮೇಲೆ ಇದು ನನ್ನದು ಎಂದು ಹೇಳುವುದು ಹೇಗೆ? 1848ರಲ್ಲಿ ಸ್ಥಾಪಿತವಾದ ಅಲ್ಲಿನ ವರ್ತಕರ ಮಂಡಲಿ 1856ರಲ್ಲಿ ಗೋಧಿಯನ್ನು ವರ್ಗಗಳಾಗಿ ವಿಂಗಡಿಸಿತು. ಮುಂದೆ ದರ್ಜೆಗಳೂ ಪರೀಕ್ಷಕರೂ ಬಂದರು. ಗೋಧಿ ಒಪ್ಪಿಸಿದವನಿಗೆ ಇಂಥ ದರ್ಜೆಯ ಇಷ್ಟು ಬುಷೆಲ್ ಸಲ್ಲಬೇಕೆಂಬ ರಸೀದಿ ದೊರೆಯುತ್ತಿತ್ತು. ಆ ರಸೀದಿಯೇ ಹಣದಂತೆ ಕೈಯಿಂದ ಕೈಗೆ ನಡೆಯಿತು. ಗೋಧಿಯನ್ನು ಕಣ್ಣಿಂದ ಕಾಣದವರೂ ಗೋಧಿಯ ವ್ಯಾಪಾರ ಮಾಡುವಂತಾಯಿತು. ಮುಂಗಡ ವ್ಯಾಪಾರದ ಬೇರು ಇರುವುದು ಇಲ್ಲಿಯೇ.

ಕಾಗದದ ಬೆಲೆಯೆಲ್ಲ ಅದನ್ನು ಬರೆದವನ ಪ್ರಾಮಾಣಿಕತೆಯನ್ನು ಅವಲಂಬಿಸಿತ್ತು. ನಗರದ ಕಣಜಗಳು ಬೆರಳೆಣಿಕೆಯಷ್ಟು ಮಂದಿಯ ಕೈಯಲ್ಲಿದ್ದುವು. ದಾಸ್ತಾನಿನ ಬಾಡಿಗೆಯನ್ನು ಅವರು ತಮ್ಮ ತಮ್ಮಲ್ಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ರೈತರ ಕೂಗಿನ ಫಲವಾಗಿ 1870ರಲ್ಲಿ ಇಲಿನಾಯ್ ಸಂಸ್ಥಾನ ತನ್ನ ಸಂವಿಧಾನದಲ್ಲಿಯೇ ಈ ಕಣಜಗಳಿಗಾಗಿ ಒಂದು ವಿಧಿಯನ್ನು ಸೇರಿಸಿತು. ಪ್ರತಿ ವಾರ ದಾಸ್ತಾನಿನ ಲೆಕ್ಕ ಒಪ್ಪಿಸಬೇಕು. ರಸೀದಿ ಹಿಡಿದವನು ಬಂದು ಕೇಳಿದರೆ ಧಾನ್ಯವನ್ನು ತೋರಿಸಬೇಕು. 1871ರ ಶಾಸನ ಮೊದಲ 30 ದಿನಗಳ ಬಾಡಿಗೆ ಬುಷೆಲಿಗೆ 2 ಸೆಂಟನ್ನು ಮೀರಕೂಡದೆಂದು ವಿಧಿಸಿತು. ಇದಕ್ಕೆ ಮಣಿಯದ ಮನ್ ಮತ್ತು ಸ್ಕಾಟ್ ಎಂಬ ಪಾಲುದಾರರಿಗೆ 100 ಡಾಲರ್ ದಂಡ ಬಿತ್ತು. 1872ರಲ್ಲಿ ಅವರ ಕಣಜದ ಗುಟ್ಟೂ ಹೊರಬಿತ್ತು: ಗೂಡುಗಳ ಮೇಲ್ಭಾಗದಲ್ಲಿ ಹಲಗೆ ಹಾಸಿ, ಅದರ ಮೇಲೆ ಕಾಳು ಹರಡಿ, ತುಂಬಿದ ಗೂಡುಗಳೆಂದು ತೋರಿಸಲಾಗಿತ್ತು. ದಂಡದ ವ್ಯಾಜ್ಯ ಮಾತ್ರ ಮುಂದುವರಿದು, 1877ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಖಾಸಗಿ ಸ್ವತ್ತಾದರೂ ಸಾರ್ವಜನಿಕರ ಹಿತ ಅದರಲ್ಲಿ ಬೆರೆತಿದ್ದರೆ ಅದನ್ನು ನಿಯಂತ್ರಿಸುವ ಅಧಿಕಾರ ಸರಕಾರಕ್ಕುಂಟು ಎಂದು ಮುಖ್ಯ ನ್ಯಾಯಾಧೀಶ ವೇಟ್ ಅವರೂ ಅವರೊಡನೆ 6 ಮಂದಿಯೂ ಎತ್ತಿಹಿಡಿದರು. ಇಬ್ಬರು ಒಪ್ಪಲಿಲ್ಲ. ಕಾಳಿನ ಕಣಜವೊಂದರಿಂದ ಹುಟ್ಟಿದ ಈ ತತ್ತ್ವ ಅಮೆರಿಕದ ನ್ಯಾಯಶಾಸ್ತ್ರದಲ್ಲಿ ಮೈಲಿಗಲ್ಲಾಗಿ ನಿಂತಿದೆ.

ಉತ್ತರದ ಕೆನಡಾದಲ್ಲಿ ಇದೇ ಕಥೆ ಹಳ್ಳಿಯ ಮಟ್ಟದಲ್ಲಿ ನಡೆಯಿತು. ಅಲ್ಲಿಯ ಹುಲ್ಲುಗಾವಲಿನ ಸೀಮೆಯಲ್ಲಿ ಎಷ್ಟೋ ನಿಲ್ದಾಣಗಳಿಗೆ ಒಂದೇ ಕಣಜ. ಕಣಜದವನು ಹೇಳಿದ್ದೇ ತೂಕ, ಅವನು ಕೊಟ್ಟದ್ದೇ ದರ್ಜೆ, ಕಸಕಡ್ಡಿಯೆಂದು ಅವನು ಕಳೆದದ್ದೇ ಲೆಕ್ಕ. ಒಲ್ಲದ ರೈತ ತಾನೇ ರೈಲುಡಬ್ಬಿಗೆ ತುಂಬಿ ಕಳುಹಿಸಬಹುದೆಂದು 1900ರ ಮ್ಯಾನಿಟೋಬಾ ಧಾನ್ಯ ಕಾಯಿದೆ ಅವಕಾಶ ಮಾಡಿಕೊಟ್ಟಿತು. ಆದರೆ ಡಬ್ಬಿಗಳು ಕಣಜದವರಿಗೇ ಹೋಗುತ್ತಿದ್ದುವು. 1901ರಲ್ಲಿ ರೈತರು ಸಂಘ ಕಟ್ಟಿಕೊಂಡರು. ಮರುವರ್ಷ, ಸರದಿ ತಪ್ಪಿಸಿ ಡಬ್ಬಿ ಹಂಚಿದನೆಂದು ಸಿಂಟಲೂಟಾ ಎಂಬ ಪುಟ್ಟ ನಿಲ್ದಾಣದ ರೈಲ್ವೆ ಅಧಿಕಾರಿಯ ಮೇಲೆ ದಾವೆ ಹೂಡಿ, ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಗೆದ್ದರು. ಅದೇ ಊರಿನ ಪಾರ್ಟ್ರಿಜ್ ಎಂಬ ರೈತನ ಮುಂದಾಳುತನದಲ್ಲಿ 1906ರಲ್ಲಿ ರೈತರದೇ ಧಾನ್ಯ ಕಂಪೆನಿ ಹುಟ್ಟಿತು. 1911ರಲ್ಲಿ ಸಸ್ಕಾಚುವಾನಿನಲ್ಲಿ ಸಹಕಾರಿ ಎಲಿವೇಟರುಗಳು ಬಂದುವು. 1930ರ ದಶಕದ ಹೊತ್ತಿಗೆ ಆ ಸೀಮೆಯಲ್ಲಿ 5,700ಕ್ಕೂ ಮಿಕ್ಕಿ ಕಣಜಗಳಿದ್ದುವು. ಮರದ ಆ ಹಳೆಯ ಕಟ್ಟಡಗಳಲ್ಲಿ ಬಹುಪಾಲು ಈಗ ನೆಲಸಮವಾಗಿವೆ.

ಕಾಂಕ್ರೀಟಿನ ಭಾರಿ ಕಣಜಗಳ ರೂಪವನ್ನು ಯೂರೋಪಿನ ವಾಸ್ತುಶಿಲ್ಪಿಗಳು ಮನಸಾರೆ ಕೊಂಡಾಡಿದರು. ಮುಂದೆ ನಮ್ಮ ಚಂಡೀಗಢವನ್ನು ರೂಪಿಸಿದ ಲ ಕಾರ್ಬುಸಿಯೇ 1923ರ ತನ್ನ ಗ್ರಂಥದಲ್ಲಿ ಅವುಗಳ ಚಿತ್ರಗಳನ್ನು ಅಚ್ಚುಹಾಕಿಸಿದ. ಅವರು ಕಂಡದ್ದು ಗೋಪುರದ ಗಾಂಭೀರ್ಯವನ್ನು. ರೈತನ ಕಣ್ಣು ಮಾತ್ರ ಕೆಳಗಿನ ತಕ್ಕಡಿಯ ಮುಳ್ಳಿನ ಮೇಲಿತ್ತು.

ದೂರದೇಶದ ಈ ವೃತ್ತಾಂತ ನಮಗೇಕೆ ಎಂದು ನೀವು ಕೇಳಬಹುದು. 1954ರ ಅಮೆರಿಕದ ಶಾಸನವೊಂದರ ಮೇರೆಗೆ ಭಾರತಕ್ಕೆ ಹಡಗು ಹಡಗು ಗೋಧಿ ಬಂದಿತು. ಪಡಿತರದ ಅಂಗಡಿಗೆ ಬಂದ ಆ ಗೋಧಿ ಹಡಗೇರಿದ್ದು ಇಂಥ ಎಲಿವೇಟರುಗಳಿಂದಲೇ. 1960ರ ದಶಕದಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದ ನನ್ನಂಥವರಿಗೆ ‘ಕೇರ್ ಉಪ್ಪಿಟ್ಟ’ನ್ನು ಉಣಿಸಿದ ನುಚ್ಚೂ ಆ ನಾಡಿನ ಗೋಧಿಯದೇ. ನಮ್ಮದೇ ಆಹಾರ ನಿಗಮ ಸ್ಥಾಪಿತವಾದದ್ದು 1965ರಲ್ಲಿ. ಚೀಲವನ್ನೇ ನಂಬಿಕೊಂಡು ಬಂದ ನಮ್ಮ ವ್ಯವಸ್ಥೆಯಲ್ಲಿ ಪಂಜಾಬಿನ ಮೋಗಾ, ಹರಿಯಾಣದ ಕೈಥಲ್ ಮೊದಲಾದೆಡೆ ಉಕ್ಕಿನ ಕಣಜಗಳು ಈ ಶತಮಾನದಲ್ಲಿ ಎದ್ದಿವೆ. ಉಗ್ರಾಣದ ರಸೀದಿಯನ್ನು ಕೈಯಿಂದ ಕೈಗೆ ವರ್ಗಾಯಿಸಲು 2007ರ ಕೇಂದ್ರ ಕಾಯಿದೆ ಅವಕಾಶ ಮಾಡಿಕೊಟ್ಟಿದೆ. ಷಿಕಾಗೋ ನಗರದ ಆ ಕಾಗದ ಹೀಗೆ ನಮ್ಮ ರೈತನ ಕೈಗೂ ಬಂದಿದೆ.

ಇದು ಬೇಡವೆಂದು ನಾನು ಹೇಳುವುದಿಲ್ಲ. ಮಳೆಗೆ ನೆನೆದು ಮೊಳೆತ ಚೀಲಗಳನ್ನು ಕಂಡವರು ಕಣಜವನ್ನು ಬೇಡವೆನ್ನಲಾರರು. ಸಿಂಟಲೂಟಾದ ರೈತರೂ ಕಣಜವನ್ನು ಕೆಡವಲಿಲ್ಲ. ತಕ್ಕಡಿಯನ್ನು ಕಾಯುವ ಕಾಯಿದೆಯನ್ನು ಕೇಳಿದರು, ಆ ಕಾಯಿದೆ ಬರಿಯ ಕಾಗದದಲ್ಲಿ ಉಳಿದಾಗ ನ್ಯಾಯಾಲಯದ ಮೆಟ್ಟಿಲೇರಿದರು, ಕೊನೆಗೆ ತಮ್ಮದೇ ಕಣಜವನ್ನು ಕಟ್ಟಿಕೊಂಡರು. ತೂಕದ ಮನೆಯ ಮುಂದೆ ಸರದಿಯಲ್ಲಿ ನಿಂತ ನಮ್ಮ ರೈತನಿಗೂ ಮುಳ್ಳು ಕಾಣುವಂತಿರಬೇಕು; ದರ್ಜೆ ಇಳಿಸಿದರೆ ಏಕೆಂದು ಕೇಳುವ ಹಕ್ಕು ಇರಬೇಕು; ಆ ಕೇಳಿಕೆಗೆ ಉತ್ತರ ಕೊಡಬೇಕಾದವರು ಎದುರಿಗೇ ಇರಬೇಕು.