ಆರೋಗ್ಯ ಕಾರ್ಡ್ ಇದ್ರೂ ಮಾತ್ರೆಗೆ ದುಡ್ಡು ಯಾಕೆ? ಯಾವುದಕ್ಕೆ ಸಿಗುತ್ತೆ, ಯಾವುದಕ್ಕಿಲ್ಲ: ಇಲ್ಲಿದೆ ಮಾಹಿತಿ

ಸಿದ್ದಾಪುರ (ಮೊಳಕಾಲ್ಮುರು ತಾ.): ಮನೆಯಲ್ಲಿ ಆರೋಗ್ಯ ಕಾರ್ಡ್ ಇದೆ. ಆದ್ರೂ ತಿಂಗಳು ತಿಂಗಳು ಶುಗರ್, ಬಿಪಿ ಮಾತ್ರೆಗೆ ಮೆಡಿಕಲ್ ಸ್ಟೋರಲ್ಲಿ ದುಡ್ಡು ಕೊಡಲೇಬೇಕು. ಯಾಕೆ ಹೀಗೆ? ಸರ್ಕಾರಿ ವಿಮೆಯ ಹಣ ಎಲ್ಲಿವರೆಗೆ ಬರುತ್ತೆ ಎಂಬುದು ಗೊತ್ತಿದ್ದರೆ ಖರ್ಚು ಕಡಿಮೆ ಮಾಡಿಕೊಳ್ಳಬಹುದು.

ಗಡಿಯ ಆಚೆ-ಈಚೆ

2010ರಲ್ಲಿ ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ ತಂದಿತು. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗೆ ಉಚಿತ ಚಿಕಿತ್ಸೆ. ಮೊದಲು ಸಿಕ್ಕಿದ್ದು ಗುಲ್ಬರ್ಗ ವಿಭಾಗಕ್ಕೆ, ಆಮೇಲೆ ಬೆಳಗಾವಿ ವಿಭಾಗಕ್ಕೆ. ಪಕ್ಕದ ಬಳ್ಳಾರಿ ಜಿಲ್ಲೆಗೆ ಬಂತು. ಬೆಂಗಳೂರು ವಿಭಾಗದಲ್ಲಿರುವ ಚಿತ್ರದುರ್ಗ ಜಿಲ್ಲೆಗೆ ಆಗ ಬರಲಿಲ್ಲ.

ಯೋಜನೆ ಇದ್ದ ಮತ್ತು ಇಲ್ಲದ ಭಾಗಗಳ ಈ ಗಡಿಯನ್ನೇ ಹಿಡಿದು ನೀರಜ್ ಸೂದ್ ಮತ್ತು ಸಂಗಡಿಗರು ಸಂಶೋಧನೆ ನಡೆಸಿದರು. ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿ, ಒಟ್ಟು 60 ಸಾವಿರ ಮನೆಗಳನ್ನು ಹೋಲಿಸಿದರು. 2014ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಆಗುವ ಸಾವು, ಯೋಜನೆ ಇದ್ದ ಹಳ್ಳಿಗಳ ಬಿಪಿಎಲ್ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆ ಇತ್ತು. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ಹಣವೂ ಶೇ 34ರಷ್ಟು ಕಡಿಮೆ.

ಈಗ ಏನು ಸಿಗುತ್ತೆ?

2018ರಿಂದ ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ ಜಾರಿಯಲ್ಲಿದೆ.

* ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ.
* ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷ ರೂ.ವರೆಗೆ.
* ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಪಡೆದು, ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗೆ ಪತ್ರ ಬೇಕಿಲ್ಲ.

ಅಡ್ಮಿಟ್ ಆದಾಗಿನ ಔಷಧ ಪ್ಯಾಕೇಜಿನಲ್ಲೇ ಸೇರಿರುತ್ತೆ. ಆದರೆ ಕ್ಲಿನಿಕ್ಕಿನಲ್ಲಿ ತೋರಿಸಿಕೊಂಡು ಹೊರಗಡೆ ಕೊಳ್ಳುವ ಮಾತ್ರೆಗೆ ಈ ಹಣ ಬರಲ್ಲ.

ಮಾತ್ರೆ ಖರ್ಚು ಇಳಿಸೋದು ಹೇಗೆ?

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಮತ್ತು ಮಾತ್ರೆ ಉಚಿತ. ಮೊದಲು ಅಲ್ಲಿ ಕೇಳಿ.

ಹೊರಗಡೆ ಕೊಳ್ಳೋದಾದ್ರೆ ಚೀಟಿಯಲ್ಲಿ ಯಾವ ಹೆಸರಿದೆ ನೋಡಿ. ಒಂದೇ ಔಷಧ ಬೇರೆ ಬೇರೆ ಕಂಪನಿ ಹೆಸರಲ್ಲಿ ಬೇರೆ ಬೇರೆ ಬೆಲೆಗೆ ಸಿಗುತ್ತೆ. ಜನೌಷಧಿ ಕೇಂದ್ರಗಳಲ್ಲಿ ಬ್ರ್ಯಾಂಡ್ ಮಾತ್ರೆಗಿಂತ ಶೇ 50ರಿಂದ 90ರಷ್ಟು ಅಗ್ಗ ಎನ್ನುತ್ತದೆ ಸರ್ಕಾರ.

ಔಷಧದ ಮೂಲ ಹೆಸರನ್ನು, ಅಂದರೆ ಜೆನೆರಿಕ್ ಹೆಸರನ್ನು, ಓದಲು ಬರುವಂತೆ ಬರೆಯಬೇಕು ಎಂದು 2016ರಲ್ಲೇ ವೈದ್ಯರ ನಿಯಮಕ್ಕೆ ತಿದ್ದುಪಡಿ ಆಗಿದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಇನ್ನಷ್ಟು ಬಿಗಿಗೊಳಿಸಿ ಹೊಸ ನಿಯಮ ತಂದಿತ್ತು. ವೈದ್ಯರ ಸಂಘಟನೆಗಳ ವಿರೋಧದಿಂದ ಅದೇ ತಿಂಗಳು ತಡೆಹಿಡಿಯಿತು.

ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ‘ಎಚ್’ ಶೆಡ್ಯೂಲಿನ ಔಷಧವನ್ನು ಅಂಗಡಿಯವರು ತಾವಾಗಿಯೇ ಬದಲಿಸಿ ಕೊಡುವಂತಿಲ್ಲ. ಹಾಗಾಗಿ ಅಂಗಡಿಯಲ್ಲಿ ಚೌಕಾಸಿ ಮಾಡೋದಕ್ಕಿಂತ, ಡಾಕ್ಟರ್ ಚೀಟಿ ಬರೆಯುವಾಗಲೇ ‘ಸರ್, ಜೆನೆರಿಕ್ ಹೆಸರು ಬರ್ಕೊಡಿ’ ಅಂತ ಕೇಳೋದು ಒಳ್ಳೆಯದು. ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬೇಡಿ, ಬದಲಿಸಬೇಡಿ.

ಆಸ್ಪತ್ರೆಗೆ ಹೋಗುವಾಗ ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಯೋಜನೆಯ ಮಾಹಿತಿಗೆ ಉಚಿತ ಸಹಾಯವಾಣಿ: 14555.