ತಾಯಿಚಿಟ್ಟೆಯ ಪರೀಕ್ಷೆ

ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಹಿಂದೂಪುರದ ಬಿತ್ತನೆ ಕೋಠಿಯಲ್ಲಿ ನನ್ನ ಕೆಲಸ ಚಿಟ್ಟೆ ಅರೆಯುವುದು. ಮೊಟ್ಟೆಯಿಟ್ಟು ಮುಗಿಸಿದ ತಾಯಿಯನ್ನು ಪುಟ್ಟ ಒರಳಿಗೆ ಹಾಕಿ, ಪೊಟ್ಯಾಸಿಯಂ ಕಾರ್ಬೊನೇಟ್ ನೀರು ಬಿಟ್ಟು ನುಣ್ಣಗೆ ಅರೆದು, ಹನಿಯೊಂದನ್ನು 600 ಪಟ್ಟು ಹಿಗ್ಗಿಸಿ ನೋಡಬೇಕು. ಕೊಬ್ಬಿನ ಹನಿಗಳು ದುಂಡಗೆ ತೇಲುತ್ತವೆ. ಅವುಗಳ ನಡುವೆ ಅಕ್ಕಿಕಾಳಿನಂತೆ ಉದ್ದುರುಟಾಗಿ ಹೊಳೆಯುವಂಥದ್ದು ಕಂಡರೆ ಗಂಟು ರೋಗ. ಆ ತಾಯಿಯ ಮೊಟ್ಟೆಯೆಲ್ಲ ಬೆಂಕಿಗೆ.

ಪದ್ಧತಿ ಲೂಯಿ ಪಾಶ್ಚರ್‌ನದು. 1853ರಲ್ಲಿ 2.6 ಕೋಟಿ ಕಿಲೋ ಗೂಡು ಬೆಳೆದಿದ್ದ ಫ್ರಾನ್ಸ್ 1865ಕ್ಕೆ ಈ ರೋಗದಿಂದ 40 ಲಕ್ಷಕ್ಕೆ ಕುಸಿದಿತ್ತು. ಆ ವರ್ಷ ರೋಗದ ಮೂಲ ಹುಡುಕಲು ಆ ದೇಶದ ಆಲೆಸ್‌ಗೆ ಹೋದ ಆತ ಅಲ್ಲಿಯವರೆಗೆ ರೇಷ್ಮೆಹುಳು ಮುಟ್ಟಿದವನೇ ಅಲ್ಲ! ನಮ್ಮ ಕಡೆ ಆ ಶತಮಾನದ ಕೊನೆಗೆ ಜೆಮ್‌ಶೆಟ್ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ, ಹುಳು ಸಾಕಣೆ, ರೋಗದ ಆರೈಕೆ ಎಲ್ಲ ಕಲಿಸಿದರು. ಹಿಂದೂಪುರದ ಪಕ್ಕದ ಕಿರಿಕೆರೆಯಲ್ಲಿ ರಾಜ್ಯದ ಸಂಶೋಧನಾ ಸಂಸ್ಥೆ ಬಂದದ್ದು ಬಹಳ ತಡವಾಗಿ.

ತಾಯಿಯನ್ನೇ ಏಕೆ ಅರೆಯಬೇಕು? ಗಂಟು ರೋಗ ತರುವ ನೋಸಿಮಾ ಎಂಬ ಏಕಕೋಶ ಜೀವಿಗೆ ತಾಯಿಯನ್ನು ಕೊಲ್ಲುವ ಆತುರವಿಲ್ಲ. ಎಲೆಯೊಂದಿಗೆ ಹುಳುವಿನ ಕರುಳಿಗಿಳಿದು, ಅಲ್ಲಿನ ಕ್ಷಾರರಸ ತಗುಲಿದೊಡನೆ, ಒಳಗೆ ಸುರುಳಿ ಸುತ್ತಿಟ್ಟ ನಳಿಕೆಯನ್ನು ಚಿಮ್ಮಿಸುತ್ತದೆ. ತನ್ನ ಮೈಯುದ್ದದ ಇಪ್ಪತ್ತು ಪಟ್ಟಿಗೂ ಉದ್ದದ ನಳಿಕೆ! ಅದರ ಮೂಲಕ ತಿರುಳು ಕೋಶದೊಳಗೆ ಇಳಿಯುತ್ತದೆ. ಸೋಂಕು ತಗುಲಿದ ಕೋಶ ತಾನೇ ಸತ್ತು ನೆರೆಯವನ್ನು ಉಳಿಸುವುದುಂಟು. ನೋಸಿಮಾ ಆ ಆತ್ಮಾಹುತಿಗೇ ಅಡ್ಡ ಬರುತ್ತದೆ. ಕೋಶ ಬದುಕಿರಬೇಕು, ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಬೇಕು, ಚಿಟ್ಟೆ ಮೊಟ್ಟೆಯಿಡಬೇಕು. ರೋಗ ಮೊಟ್ಟೆಯೊಳಗೇ ಕೂತು ಮರಿಗೆ ಬರುತ್ತದೆ.

ಆತ್ಮಾಹುತಿಯ ವಿಷಯದಲ್ಲಿ ಮಲೇರಿಯಾದ ಜೀವಿ ಇದಕ್ಕೆ ತದ್ವಿರುದ್ಧ: ಸಾಯುವುದು ಅದೇ. ಇಲಿಯ ಮಲೇರಿಯಾ ಹಿಡಿದು ಮಾಡಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು: ಸೊಳ್ಳೆಯ ಹೊಟ್ಟೆಯಲ್ಲಿ ಅರ್ಧಕ್ಕೂ ಹೆಚ್ಚು ಜೀವಿಗಳು ತಾವೇ ಸಾಯುವ ಲಕ್ಷಣ ತೋರಿದ್ದವು. ಎಲ್ಲವೂ ಬೆಳೆದರೆ ಸೊಳ್ಳೆಯೇ ಸತ್ತು ಯಾರಿಗೂ ದಾರಿಯಿಲ್ಲ, ಹಾಗಾಗಿ ಇದು ತ್ಯಾಗ ಎಂಬ ವಾದ ಇದೆ. ಬರೀ ಸಂಕಟದ ಸಾವು ಎನ್ನುವವರೂ ಇದ್ದಾರೆ. ತ್ಯಾಗ ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಡಹುಟ್ಟಿದವು ಉಳಿದರೆ ತನ್ನ ವಂಶವೂ ಉಳಿದಂತೆ, ಅಷ್ಟೇ ಲೆಕ್ಕ.

ಕಡಲೆಕಾಯಿಯ ಜೊತೆಗೆ ಬೋರು ಕೊರೆಸಿ ಹಿಪ್ಪುನೇರಳೆ ಹಾಕಿದ ಕಲ್ಯಾಣದುರ್ಗದ ಕಡೆಯ ರೈತರು ರಾತ್ರಿಯ ತಂಪಿನಲ್ಲಿ ನಮ್ಮ ಕೋಠಿಯಿಂದ ಮೊಟ್ಟೆ ಒಯ್ಯುತ್ತಿದ್ದರು. ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ಒಂದು ಹುಳು ದೊಡ್ಡದು, ಒಂದು ಸಣ್ಣದು, ಮೈಮೇಲೆ ಕಪ್ಪು ಚುಕ್ಕೆ ಕಂಡರೆ ಬೆಳೆ ಹೋಯಿತೆಂದೇ ಅರ್ಥ. ಮೂಲಬಿತ್ತನೆಗೆ ಇಂದೂ ಒಂದೊಂದು ತಾಯಿಯನ್ನೂ ಬೇರೆಬೇರೆ ಅರೆಯುತ್ತಾರೆ. ರೈತರಿಗೆ ಕೊಡುವ ವಾಣಿಜ್ಯ ಬಿತ್ತನೆಗೆ ಮಾದರಿ ತೆಗೆದು ನೋಡಿದರೆ ಸಾಕು ಎಂಬುದು ನಿಯಮ. ಆದರೆ ಆ ರೈತರು ಒಪ್ಪರು. ಅವರ ಪ್ರಶ್ನೆ ಈಗಲೂ ಒಂದೇ: “ಎಲ್ಲಾ ತಾಯಿ ನೋಡಿದ್ದೀರಾ?”